ಪುರಂದರದಾಸರ ಪದಸಂಗ್ರಹಗಳು: ಸೀಮೆಗೊಂದು ಪುಸ್ತಕ

ಪುರಂದರದಾಸರ ಪದಗಳನ್ನು ಅರಿಯದ ಕನ್ನಡ ಮನೆ ಅಪೂರ್ವ. ಅಕ್ಷರ ಬಾರದ ಅಜ್ಜಿಯೂ, ಸಂಗೀತದ ಮೊದಲ ಪಾಠಕ್ಕೆ ಕುಳಿತ ಮಗುವೂ ಅವರಿಗೆ ಸಮಾನವಾಗಿ ಋಣಿಗಳು. ಆದರೆ ಈ ಪದಗಳು ಅಚ್ಚಾಗಿರುವ ಪುಸ್ತಕಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿದವರಿಗೆ ಒಂದು ಸೋಜಿಗ ಎದುರಾಗುವುದು. ಒಂದೇ ಪದಕ್ಕೆ ಒಂದು ಪುಸ್ತಕದಲ್ಲಿ ಐದು ನುಡಿಗಳಿದ್ದರೆ ಮತ್ತೊಂದರಲ್ಲಿ ಮೂರೇ ಇರುವುದುಂಟು. ಒಂದರಲ್ಲಿ ಮೇಲೆ ಬರೆದಿರುವ ರಾಗ ಇನ್ನೊಂದರಲ್ಲಿ ಬೇರೆಯಾಗುವುದುಂಟು. ಯಾವ ಪದಗಳನ್ನು ಆರಿಸಬೇಕು, ಯಾವುವನ್ನು ಮೊದಲಿಡಬೇಕು ಎಂಬಲ್ಲಿಯೇ ಸೀಮೆಸೀಮೆಗೆ ಭೇದವಿದೆ. ಈ ಭೇದವು ಹೇಗೆ ಹುಟ್ಟಿತು, ಅದರಿಂದ ಬಂದ ಲಾಭನಷ್ಟಗಳೇನು ಎಂಬುದು ವಿಚಾರಾರ್ಹವಾದ ವಿಷಯವಾಗಿದೆ.

ದಾಸರ ಕಾಲವನ್ನು ಸಂಪ್ರದಾಯವು 1484ರಿಂದ 1564ರವರೆಗೆ ಎಂದು ಹೇಳುವುದು. ಅವರ ಗುರುಗಳಾದ ವ್ಯಾಸರಾಯರು 1539ರಲ್ಲಿ ವಿಜಯನಗರದಲ್ಲಿ ಕಾಲವಾದರು. ಅವರ ಬೃಂದಾವನವು ಆನೆಗೊಂದಿಯ ಬಳಿ ತುಂಗಭದ್ರೆಯ ನಡುಗಡ್ಡೆಯಲ್ಲಿ, ನವಬೃಂದಾವನವೆಂದು ಪ್ರಸಿದ್ಧವಾದ ಸ್ಥಳದಲ್ಲಿದೆ. ಹಂಪೆಯಲ್ಲಿ ವಿಠಲಸ್ವಾಮಿಯ ಗುಡಿಗೆ ಸಮೀಪವಾಗಿ ಹೊಳೆಯ ದಡದಲ್ಲಿರುವ ಕಲ್ಲಿನ ಮಂಟಪವನ್ನು ಜನರು ಪುರಂದರ ಮಂಟಪವೆಂದೇ ಕರೆಯುವರು. ದಾಸರು ರಚಿಸಿದ ಪದಗಳು ನಾಲ್ಕು ಲಕ್ಷದ ಎಪ್ಪತ್ತೈದು ಸಾವಿರವೆಂದು ಪ್ರತೀತಿ. ಇಂದು ದೊರೆಯುವುವು ಅದರ ನೂರರಲ್ಲಿ ಒಂದು ಪಾಲೂ ಅಲ್ಲ. ಪ್ರತೀತಿಯ ಸಂಖ್ಯೆಯನ್ನು ಅಕ್ಷರಶಃ ನಂಬದಿದ್ದರೂ, ಬಹುಭಾಗವು ನಷ್ಟವಾಯಿತೆಂಬುದನ್ನು ಒಪ್ಪಬೇಕಾಗುವುದು.

ಈ ನಷ್ಟಕ್ಕೂ ಪಾಠಭೇದಕ್ಕೂ ಮೂಲವು ಒಂದೇ. ದಾಸರು ಕಾಲವಾದ ಬೆನ್ನಿಗೇ, 1565ರ ಜನವರಿಯಲ್ಲಿ, ರಕ್ಕಸತಂಗಡಿಯ ಯುದ್ಧವು ನಡೆದು ರಾಜಧಾನಿಯು ಹಾಳಾಯಿತು. ಆಶ್ರಯವನ್ನು ಕಳೆದುಕೊಂಡ ಪಂಡಿತರೂ ಗಾಯಕರೂ ಪರಿವಾರದವರೂ ದಿಕ್ಕುದಿಕ್ಕಿಗೆ ಚದುರಿದರು. ಪದಗಳು ಅವರ ನಾಲಿಗೆಯ ಮೇಲೆ ಹೋದುವು. ಕೆಲವರು ತಾಳೆಗರಿಯಲ್ಲಿ ಬರೆದಿಟ್ಟುಕೊಂಡರು. ಉಳಿದವರು ನೆನಪನ್ನೇ ನಂಬಿದರು. ಮುಂದೆ ರಾಯಚೂರು ಸೀಮೆಯ ಚೀಕಲಪರವಿಯ ವಿಜಯದಾಸರು (1682–1755) ಮತ್ತು ಅವರ ಶಿಷ್ಯಪರಂಪರೆಯವರು ದಾಸಕೂಟಕ್ಕೆ ಹೊಸ ಜೀವವನ್ನು ತುಂಬಿದಾಗ, ಹಳೆಯ ಪದಗಳೂ ಅವರೊಂದಿಗೆ ಮತ್ತೆ ಊರೂರು ಸುತ್ತಿದುವು. ಭಜನೆಯ ಮೇಳದಲ್ಲಿ ಹಾಡುವವನಿಗೆ ಒಂದು ನುಡಿ ಮರೆತರೆ ಅದನ್ನು ಬಿಟ್ಟು ಮುಂದೆ ಹೋಗುವನು; ಒಂದು ಮಾತು ತನ್ನ ಸೀಮೆಯಲ್ಲಿ ರೂಢಿಯಲ್ಲಿಲ್ಲದಿದ್ದರೆ ರೂಢಿಯ ಮಾತನ್ನು ಅಲ್ಲಿ ಸೇರಿಸುವನು. ಹೀಗೆ ಮೂರು ಶತಮಾನಗಳು ನಡೆದ ಮೇಲೆ ಅಚ್ಚಿನ ಯಂತ್ರವು ಬಂದಿತು.

ಅಚ್ಚಿನ ಯಂತ್ರವು ಬಂದಾಗ ಕನ್ನಡನಾಡು ಒಂದಾಗಿರಲಿಲ್ಲ. ಮಂಗಳೂರು, ಉಡುಪಿ, ಬಳ್ಳಾರಿಗಳು ಮದರಾಸಿನ ಆಡಳಿತಕ್ಕೆ, ಧಾರವಾಡವು ಮುಂಬಯಿಯ ಆಡಳಿತಕ್ಕೆ, ರಾಯಚೂರು ಸೀಮೆಯು ನಿಜಾಮರ ಹೈದರಾಬಾದಿಗೆ, ಬೆಂಗಳೂರು ಮೈಸೂರಿನ ಅರಸರಿಗೆ ಸೇರಿದ್ದುವು. ಹಂಪೆಯ ಸುತ್ತಮುತ್ತಣ ಹತ್ತು ಹರಿದಾರಿಯೊಳಗೇ ಮೂರು ಆಡಳಿತಗಳಿದ್ದುವು: ಹೊಸಪೇಟೆ ಕಂಪ್ಲಿಗಳು ಮದರಾಸಿನವು, ಹೊಳೆಯಾಚೆಯ ಆನೆಗೊಂದಿ ನಿಜಾಮರ ಮೇಲಾಳಿಕೆಯದು, ಸಂಡೂರು 1949ರವರೆಗೂ ಘೋರ್ಪಡೆ ಮನೆತನದ ಸಂಸ್ಥಾನ. ಶಾಲೆಯ ಪಠ್ಯ, ಪುಸ್ತಕದ ವ್ಯಾಪಾರ, ಪತ್ರಿಕೆಗಳ ಪ್ರಸಾರ ಎಲ್ಲವೂ ಈ ಗಡಿಗಳನ್ನನುಸರಿಸಿ ನಡೆಯುತ್ತಿದ್ದುವು. ದಾಸರ ಪದಗಳೂ ಈ ಗಡಿಗಳೊಳಗೆಯೇ ಬೇರೆಬೇರೆಯಾಗಿ ಪುಸ್ತಕರೂಪವನ್ನು ತಾಳಿದುವು.

ಮೊದಲನೆಯ ಯತ್ನವು ಮಂಗಳೂರಿನದು. ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗರು ನ್ಯಾಯಾಧೀಶ ಕ್ಯಾಸಮೇಜರರ ಧನಸಹಾಯದಿಂದ ಕಲ್ಲಚ್ಚಿನಲ್ಲಿ ಹೊರಡಿಸಿದ ಕನ್ನಡ ಗ್ರಂಥಮಾಲೆಯಲ್ಲಿ, ಜೈಮಿನಿ ಭಾರತ, ಬಸವಪುರಾಣಗಳಂತಹ ಕಾವ್ಯಗಳ ಜೊತೆಗೆ ದಾಸರ ಪದಗಳೂ 1850ರ ಸುಮಾರಿಗೆ ಬೆಳಕನ್ನು ಕಂಡುವು. 1871ರಲ್ಲಿ ಚಾರ್ಲ್ಸ್ ಗೋವರ್ ದಕ್ಷಿಣಭಾರತದ ಜನಪದಗೀತೆಗಳನ್ನು ಕುರಿತ ತನ್ನ ಇಂಗ್ಲಿಷ್ ಗ್ರಂಥದಲ್ಲಿ ಕನ್ನಡದ ಭಾಗಕ್ಕೆ ಬಹುಮಟ್ಟಿಗೆ ದಾಸರ ಪದಗಳನ್ನೇ ಆರಿಸಿಕೊಂಡನು. 1873ರಲ್ಲಿ ಕಿಟ್ಟೆಲ್ಲರು ಕರ್ನಾಟಕದ ವೈಷ್ಣವದಾಸರನ್ನು ಕುರಿತು ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಲೇಖನವನ್ನು ಬರೆದರು. ಈ ವಿದೇಶೀಯರ ಉಪಕಾರವು ಸ್ಮರಣೀಯ. ಆದರೆ ಅವರಿಗೆ ಬೇಕಾಗಿದ್ದುದು ಜನರ ಧರ್ಮಭಾವನೆಯನ್ನು ಅರಿಯುವ ಸಾಧನ, ನಾದವಲ್ಲ. ಗೋವರನಿಗಂತೂ ಹೊರಗಿನ ಆಚಾರವನ್ನು ಹಳಿದು ಒಳಗಿನ ಶುದ್ಧಿಯನ್ನು ಹೊಗಳುವ ಪದಗಳಲ್ಲಿ ವಿಶೇಷ ಪ್ರೀತಿ. ಅವನ ಪುಸ್ತಕವನ್ನು ಮಾತ್ರ ಓದಿದವರಿಗೆ ಪುರಂದರದಾಸರು ಡಾಂಭಿಕರ ವೈರಿಯಾಗಿ ಕಾಣುವರಲ್ಲದೆ ವಿಠಲನ ದಾಸರಾಗಿ ಅಷ್ಟಾಗಿ ಕಾಣರು.

ಉಡುಪಿಯ ಪುಸ್ತಕಗಳು ಇದಕ್ಕೆ ಪ್ರತಿಯಾಗಿ ನಿಂತುವು. ಪಾವಂಜೆ ಗುರುರಾಯರು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ದಾಸರ ಪದಗಳನ್ನು ಭಾಗಭಾಗವಾಗಿ ಅಚ್ಚುಹಾಕಿಸಿದರು. ಅವು ಮಾಧ್ವಸಂಪ್ರದಾಯದ ಗೃಹಸ್ಥರ ಪೂಜಾಗೃಹಕ್ಕೂ ಭಜನೆಗೂ ಉದ್ದೇಶಿಸಿದವು; ಅಲ್ಲಿ ಸ್ತುತಿಗೂ ತತ್ತ್ವಕ್ಕೂ ಅಗ್ರಸ್ಥಾನ. ಬೆಂಗಳೂರಿನಲ್ಲಿ ಸುಬೋಧ ರಾಮರಾಯರು ಅಗ್ಗದ ಬೆಲೆಯ ಚಿಕ್ಕ ಪುಸ್ತಕಗಳನ್ನು ಹೊರಡಿಸಿ ಪದಗಳನ್ನು ಸಾಮಾನ್ಯ ಗೃಹಗಳಿಗೆ ಮುಟ್ಟಿಸಿದರು. ಲಿಂಗಸುಗೂರಿನಲ್ಲಿ ಗೊರಬಾಳ ಹನುಮಂತರಾಯರು ವರದೇಂದ್ರ ಹರಿದಾಸ ಸಾಹಿತ್ಯ ಮಂಡಲದ ಮೂಲಕ ರಾಯಚೂರು ಸೀಮೆಯ ಹಸ್ತಪ್ರತಿಗಳನ್ನು ಶೋಧಿಸಿ, ಮುಖ್ಯವಾಗಿ ವಿಜಯದಾಸರ ಪರಂಪರೆಯ ಕೃತಿಗಳನ್ನು ಉಳಿಸಿದರು. ಧಾರವಾಡದ ಕಡೆ ಬೆಟಗೇರಿ ಕೃಷ್ಣಶರ್ಮರೂ ಬೆಂಗೇರಿ ಹುಚ್ಚುರಾಯರೂ 1960ರ ದಶಕದಲ್ಲಿ, ದಾಸರ ನಾಲ್ಕನೆಯ ಶತಮಾನೋತ್ಸವದ ಕಾಲಕ್ಕೆ, ಪದಗಳನ್ನು ವಿಷಯಾನುಸಾರವಾಗಿ ವಿಂಗಡಿಸಿ ಸಂಪಾದಿಸಿದರು. ಅಲ್ಲಿ ಭಕ್ತಿಯಂತೆ ಲೋಕನೀತಿಗೂ ಪ್ರತ್ಯೇಕ ಸ್ಥಾನವು ದೊರೆಯಿತು.

ತಮಿಳುನಾಡಿನ ಪರಂಪರೆಯು ಇವೆಲ್ಲಕ್ಕಿಂತ ಭಿನ್ನ. ತಂಜಾವೂರಿನ ಅರಸನಾದ ತುಳಜನು (ಆಳಿಕೆ 1728–1736) ತನ್ನ ಸಂಗೀತಸಾರಾಮೃತದಲ್ಲಿ ರಾಗಗಳ ಲಕ್ಷಣಕ್ಕೆ ಪುರಂದರದಾಸರ ಸುಳಾದಿಗಳನ್ನು ನಿದರ್ಶನವಾಗಿ ಕೊಟ್ಟಿರುವನು. ಎಟ್ಟಯಪುರದ ಸುಬ್ಬರಾಮ ದೀಕ್ಷಿತರು 1904ರಲ್ಲಿ ತೆಲುಗು ಲಿಪಿಯಲ್ಲಿ ಹೊರಡಿಸಿದ ಸಂಗೀತ ಸಂಪ್ರದಾಯ ಪ್ರದರ್ಶಿನಿಯಲ್ಲಿ ಅವರನ್ನು ವಾಗ್ಗೇಯಕಾರರ ಸಾಲಿನಲ್ಲಿ ಸ್ಮರಿಸಿದರು. ಮುಂದೆ ಮದರಾಸಿನಲ್ಲಿ ಲಲಿತಾಂಗಿಯವರೂ ಅವರ ಪತಿ ಅಯ್ಯಾಸ್ವಾಮಿ ಅಯ್ಯರ್ ಅವರೂ ದಾಸರ ಪದಗಳನ್ನು ಸ್ವರಸಹಿತವಾಗಿ ಪ್ರಕಟಿಸಿದರು. ಅವರ ಪುತ್ರಿ ಎಂ. ಎಲ್. ವಸಂತಕುಮಾರಿಯವರು ಆ ಪದಗಳನ್ನು ಸಭೆಸಭೆಗೂ ಒಯ್ದರು. ಕನ್ನಡದ ಪುಸ್ತಕಗಳು ಮಾತನ್ನು ಕಾಪಾಡಿದುವು. ದಕ್ಷಿಣದ ಪುಸ್ತಕಗಳು ಸ್ವರವನ್ನು ಹಿಡಿದಿಟ್ಟುವು. ಆದರೆ ಆ ಸ್ವರವು ದಾಸರದೇ ಎಂದು ಭ್ರಮಿಸಲಾಗದು. ಅನೇಕ ಪದಗಳಿಗೆ ನಂತರದ ವಿದ್ವಾಂಸರು ಹೊಸದಾಗಿ ರಾಗವನ್ನು ಕಟ್ಟಿರುವರು. ಲಕ್ಷ್ಮಿಯನ್ನು ಮನೆಗೆ ಕರೆಯುವ ಸುಪ್ರಸಿದ್ಧ ಪದವನ್ನು ದಕ್ಷಿಣದವರು ಮಧ್ಯಮಾವತಿಯಲ್ಲಿಯೋ ಶ್ರೀರಾಗದಲ್ಲಿಯೋ ಹಾಡಿದರೆ, ಗದಗಿನವರಾದ ಭೀಮಸೇನ ಜೋಶಿಯವರು ಅದನ್ನು ಹಿಂದೂಸ್ಥಾನಿ ಧಾಟಿಯಲ್ಲಿ ಹಾಡಿ ಮನೆಮಾತಾಗಿಸಿದರು. ಎರಡೂ ಮಧುರ, ಎರಡರಲ್ಲಿ ಯಾವುದು ಹಂಪೆಯಲ್ಲಿ ಕೇಳಿದ ಧಾಟಿ ಎಂಬುದಕ್ಕೆ ಅಚ್ಚಿನ ಪುಸ್ತಕದಿಂದ ಉತ್ತರವು ದೊರೆಯದು.

ಕರ್ತೃತ್ವದ ಪ್ರಶ್ನೆಯೂ ಇದರಂತೆಯೇ ಜಟಿಲವಾದುದು. ಕನ್ನಡದ ಸಂಗ್ರಹಕಾರರಿಗೆ ‘ಪುರಂದರವಿಠಲ’ ಎಂಬ ಅಂಕಿತವೇ ಮುಖ್ಯ ಪ್ರಮಾಣ. ಆದರೆ ಮಲಹರಿ ರಾಗದ ಮೊದಲ ಗೀತವೆಂದು ಮಕ್ಕಳಿಗೆಲ್ಲ ಕಲಿಸುವ ‘ಲಂಬೋದರ ಲಕುಮಿಕರ’ದಲ್ಲಿ ಆ ಅಂಕಿತವೇ ಇಲ್ಲ, ಗುರುಪರಂಪರೆಯ ಮಾತೊಂದೇ ಅಲ್ಲಿ ಆಧಾರ. ಇನ್ನೊಂದೆಡೆ, ಹೆಸರಾದ ಅಂಕಿತವನ್ನು ಬೇರೆಯವರ ಪದಕ್ಕೆ ಸೇರಿಸುವುದು ಹಾಡುವವರಿಗೆ ಕಷ್ಟವಲ್ಲ. ಆದುದರಿಂದ ಅಂಕಿತವಿದ್ದ ಮಾತ್ರಕ್ಕೆ ಒಪ್ಪುವುದೂ, ಇಲ್ಲದ ಮಾತ್ರಕ್ಕೆ ತಳ್ಳುವುದೂ ಅವಿಚಾರವೆನಿಸುವುದು.

ಹೀಗಿರಲು ವಿವೇಕದ ಮಾರ್ಗವು ಯಾವುದು? ದೂರದೂರದ ಸೀಮೆಗಳ ಪುಸ್ತಕಗಳು, ಒಂದನ್ನೊಂದು ನೋಡಿ ನಕಲು ಮಾಡದೆ, ಒಂದೇ ಪಾಠವನ್ನು ಕೊಟ್ಟರೆ ಆ ಪಾಠವು ಚದುರುವಿಕೆಗಿಂತ ಹಿಂದಿನದೆಂದು ಊಹಿಸುವುದಕ್ಕೆ ಆಧಾರವಿದೆ. ಅವು ಭಿನ್ನವಾದಲ್ಲಿ ಒಂದನ್ನು ಅಳಿಸಿ ಮತ್ತೊಂದನ್ನು ನಿಲ್ಲಿಸದೆ ಎರಡನ್ನೂ ಗುರುತಿಸಿಡಬೇಕು. ಯಾವ ಊರಿನ, ಯಾವ ಮನೆಯ ಹಾಡಿಕೆ ಎಂಬುದನ್ನು ಬರೆಯಬೇಕು. ಈ ಶತಮಾನದ ಆರಂಭದಲ್ಲಿ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯು ಹೊರತಂದ ಸಮಗ್ರ ದಾಸಸಾಹಿತ್ಯ ಸಂಪುಟಗಳಿಂದ ಚದುರಿದ ಸಾಮಗ್ರಿಯು ಒಂದೆಡೆ ಸೇರಿದುದು ದೊಡ್ಡ ಉಪಕಾರ. ಆದರೂ ಸಂಪುಟವು ಪೂರ್ಣವಾಯಿತೆಂದು ಸೀಮೆಯ ಪುಸ್ತಕಗಳನ್ನು ರದ್ದಿಗೆ ಹಾಕುವುದು ತಪ್ಪು. ಸೀಮೆಯ ಪಾಠವು ಒಮ್ಮೆ ಕಳೆದರೆ ಹೋಲಿಸುವುದಕ್ಕೆ ಎರಡನೆಯದೇ ಇರುವುದಿಲ್ಲ.

ಮೇಲೆ ಹೇಳಿದ ಸಂಗ್ರಹಗಳಲ್ಲಿ ಒಂದೂ ಹೊಸಪೇಟೆಯಲ್ಲಾಗಲಿ ಕಂಪ್ಲಿಯಲ್ಲಾಗಲಿ ಸಂಡೂರಿನಲ್ಲಾಗಲಿ ಅಚ್ಚಾದುದಲ್ಲ. ದಾಸರು ಹಾಡಿದ ಹೊಳೆದಂಡೆಯ ಪಾಠವು ಪುಸ್ತಕಗಳ ಸಾಲಿನಲ್ಲಿ ತನ್ನ ಹೆಸರಿನಿಂದ ಸೇರದೆ ಹೋಯಿತು. 1953ರಲ್ಲಿ ಬಳ್ಳಾರಿಯೂ 1956ರಲ್ಲಿ ಉಳಿದ ಸೀಮೆಗಳೂ ಕೂಡಿ ರಾಜ್ಯವು ಒಂದಾಯಿತು; 2021ರಲ್ಲಿ ಹೊಸಪೇಟೆ ಹಂಪೆಗಳು ವಿಜಯನಗರ ಜಿಲ್ಲೆಗೆ ಸೇರಿ, ಕಂಪ್ಲಿ ಸಂಡೂರುಗಳು ಬಳ್ಳಾರಿಯಲ್ಲಿಯೇ ಉಳಿದುವು. ಜಿಲ್ಲೆಗಳ ಗಡಿ ಏನೇ ಆಗಲಿ, ಈ ನಾಲ್ಕು ಊರುಗಳ ಮನೆಗಳಲ್ಲಿ ಹಿರಿಯ ಹೆಂಗಸರ ಹಸೆಯ ಹಾಡಿನಲ್ಲಿ, ಗುಡಿಯ ಭಜನೆಯಲ್ಲಿ ಉಳಿದಿರುವ ಪದಗಳು ಒಂದೇ ಹೊಳೆಯ ದಂಡೆಯವು. ಪ್ರತಿವರ್ಷ ಪುಷ್ಯ ಅಮಾವಾಸ್ಯೆಯಂದು ಹಂಪೆಯಲ್ಲಿ ದಾಸರ ಆರಾಧನೆಯು ನಡೆಯುವುದು. ಆ ದಿನ ಹಾಡುವವರ ಪಾಠಗಳನ್ನು ಊರು, ರಾಗ, ನುಡಿಗಳ ಸಂಖ್ಯೆಯ ಸಹಿತ ಬರೆದಿಡುವ ಕಾರ್ಯವನ್ನು ಸ್ಥಳದ ವಿದ್ಯಾವಂತರು ಕೈಕೊಂಡರೆ ಕೆಲವೇ ವರ್ಷಗಳಲ್ಲಿ ಹಂಪೆಯ ಪಾಠವೆಂಬುದೊಂದು ಸಿದ್ಧವಾಗುವುದು. ಅಣೆಕಟ್ಟಿನಿಂದ ನೀರು ಬಿಟ್ಟಾಗ ಪುರಂದರ ಮಂಟಪವು ಮುಳುಗಿದರೂ ನೀರು ಇಳಿದ ಮೇಲೆ ಕಲ್ಲು ಅಲ್ಲಿಯೇ ಇರುವುದು. ಹಾಡುವ ಹಿರಿಯರು ತೀರಿಕೊಂಡ ಮೇಲೆ ಅವರ ನಾಲಿಗೆಯ ಪಾಠವು ಹಾಗೆ ಉಳಿಯುವುದಿಲ್ಲವೆಂಬುದನ್ನು ವಾಚಕರು ಮನಗಾಣಬೇಕು.