ಸಾಲು: ಹೊಲ, ಮಿದುಳು, ಗ್ರಹ

ಬೈಲಹೊಂಗಲದ ಎರೆ ಹೊಲದಲ್ಲಿ ರಂಟೆ ಹರಿದ ಗೆರೆಯೇ ಸಾಲು. ಎರಡು ಸಾಲಿನ ನಡುವೆ ಏರಿ ನಿಂತ ಮಣ್ಣು ಬೋದು. ರೋಮನ್ ರೈತ ಇದೇ ಗೆರೆಯನ್ನು ‘ಸಲ್ಕಸ್’ ಎಂದ. ಆ ಮಾತನ್ನು ಅಂಗರಚನಾ ಶಾಸ್ತ್ರದವರು ಮಿದುಳಿಗೆ ಒಯ್ದರು, ಖಗೋಳದವರು ದೂರದ ಉಪಗ್ರಹಗಳಿಗೆ. ಹೆಸರು ಒಂದೇ ಆದರೂ ಹುಟ್ಟು ನೋಡಿದರೆ ಇವು ದಾಯಾದಿಗಳೂ ಅಲ್ಲ.

ಮಿದುಳಿನ ಮಡಿಕೆಗಳನ್ನು ಹಳೆಯ ಚಿತ್ರಕಾರರು ಕರುಳಿನ ಸುರುಳಿಯಂತೆ ಬರೆದು ಕೈತೊಳೆದುಕೊಳ್ಳುತ್ತಿದ್ದರು. ಒಂದೊಂದು ಗೆರೆಗೂ ತನ್ನದೇ ಜಾಗವಿದೆ ಎಂಬುದು ನಿಧಾನಕ್ಕೆ ತಿಳಿಯಿತು. ಪಕ್ಕದ ಆಳವಾದ ಸೀಳಿನ ವಿವರ 1641ರಲ್ಲಿ ಬಾರ್ಥೋಲಿನ್ ಅಚ್ಚು ಹಾಕಿಸಿದ ಗ್ರಂಥದಲ್ಲಿ ಬಂತು. ಅದಕ್ಕೆ ಸಿಲ್ವಿಯಸ್‌ನ ಹೆಸರು ನಿಂತಿತು. ನಡುವಿನ ಸಾಲಿಗೆ ರೊಲಾಂಡೊನ ಹೆಸರನ್ನು 1839ರಲ್ಲಿ ಲ್ಯೂರೆ ಇಟ್ಟಾಗ ರೊಲಾಂಡೊ ತೀರಿಕೊಂಡು ಎಂಟು ವರ್ಷವಾಗಿತ್ತು. ನಾಲ್ಕು ತಿಂಗಳ ಭ್ರೂಣದ ಮಿದುಳು ಬಹುತೇಕ ನುಣುಪು. ಆಮೇಲೆ ಹೊರಪದರ ಒಳಭಾಗಕ್ಕಿಂತ ಬೇಗ ಹರಡುತ್ತದೆ, ಜಾಗ ಸಾಲದೆ ಮಡಚಿಕೊಳ್ಳುತ್ತದೆ. ಬೆಳೆದವರಲ್ಲಿ ಆ ಪದರದ ಸುಮಾರು ಮೂರರಲ್ಲಿ ಎರಡು ಪಾಲು ಸಾಲುಗಳೊಳಗೇ ಅಡಗಿರುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನ ಮಿದುಳು ಸಂಗ್ರಹಾಲಯದಲ್ಲಿ ಇದನ್ನು ಕಣ್ಣಾರೆ ಕಾಣಬಹುದು.

1979ರಲ್ಲಿ ವಾಯೇಜರ್ ನೌಕೆಗಳು ಗುರುವಿನ ಚಂದ್ರ ಗ್ಯಾನಿಮೀಡ್‌ನ ಚಿತ್ರ ಕಳಿಸಿದಾಗ ಹಿಮದ ನೆಲದ ತುಂಬ ಬೋದು, ಸಾಲು, ಮತ್ತೆ ಬೋದು. ಅಲ್ಲಿ ಯಾವುದೂ ಮಡಚಿಕೊಂಡಿದ್ದಲ್ಲ. ನೆಲ ಹಿಗ್ಗಿ ಬಿರಿದಿದ್ದು ಎಂಬುದೇ ಹೆಚ್ಚಿನವರ ಮತ. ಒಂದಕ್ಕೆ ಸುಮೇರಿಯದ ಊರಿನ ಮೇಲೆ ಉರುಕ್ ಸಲ್ಕಸ್ ಎಂದು ಹೆಸರಾಯಿತು. ಶನಿಯ ಎನ್ಸೆಲಡಸ್‌ನಲ್ಲಿ ಬಾಗ್ದಾದ್, ಡಮಾಸ್ಕಸ್ ಸಾಲುಗಳಿವೆ. ಅವುಗಳಿಂದ ನೀರಾವಿ ಚಿಮ್ಮುವುದನ್ನು 2005ರಲ್ಲಿ ಕ್ಯಾಸಿನಿ ನೌಕೆ ಕಂಡಿತು. ಅಂತಾರಾಷ್ಟ್ರೀಯ ಖಗೋಳ ಒಕ್ಕೂಟ ಇಂಥ ಹೆಸರನ್ನು ಆಕಾರ ನೋಡಿ ಕೊಡುತ್ತದೆ, ಕಾರಣ ಕೇಳುವುದಿಲ್ಲ. ಜಾಣತನವೇ ಸರಿ: ಕಾರಣ ನಾಳೆ ಬದಲಾದೀತು.

ಹಾಗೆ ಆಕಾರವನ್ನಷ್ಟೇ ಹಿಡಿದರೆ ಸವದತ್ತಿಯ ಹತ್ತಿರದ ನವಿಲುತೀರ್ಥದ ಕಮರಿ ಈ ಪಟ್ಟಿಗೆ ಸೇರದು. ಸಲ್ಕಸ್‌ಗೆ ಜೊತೆಜೊತೆಯಾಗಿ ಓಡುವ ಗೆರೆಗಳು ಬೇಕು. ಇಲ್ಲಿರುವುದು ಒಂಟಿ ಸೀಳು. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಇಲ್ಲಿ ಮರಳುಗಲ್ಲಿನ ಗುಡ್ಡವನ್ನು ಬಳಸಿ ಹೋಗದೆ ಕೊರೆದುಕೊಂಡು ದಾಟಿದೆ. ಈ ಸೀಮೆಯ ಕಲಾದಗಿ ಶಿಲೆಗಳನ್ನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1876ರ ವರದಿಯಲ್ಲಿ ವಿವರಿಸಿದ್ದ. ಸೀಳು ಎಷ್ಟು ಇಕ್ಕಟ್ಟೆಂದರೆ, 1970ರ ದಶಕದ ಮೊದಲಲ್ಲಿ ಮುಗಿದ ಅಣೆಕಟ್ಟೆಗೆ ಸುಮಾರು 154 ಮೀಟರ್ ಉದ್ದವೇ ಸಾಕಾಯಿತು. ಹಿಂದೆ ನಿಲ್ಲುವ ನೀರು ಸುಮಾರು 37 ಟಿಎಂಸಿ ಅಡಿ. ಬಿಟ್ಟದ್ದು ರಾಮದುರ್ಗದ ಕಡೆಗೆ ಹರಿಯುತ್ತದೆ.