ಗೇಟಿಗೂ ರಸ್ತೆಗೂ ನಡುವಿನ ನಾಲ್ಕು ಅಡಿ

ಮೊನ್ನೆ ದಸರಾ ರಜೆಗೆ ಬೆಂಗಳೂರಿನಿಂದ ಅಕ್ಕನ ಮಗ ಬಂದಿದ್ದ. ಬಂದವನು ಒಳಗೇ ಬರಲಿಲ್ಲ. ಸರಸ್ವತಿಪುರಂನ ನಮ್ಮ ಮನೆ ಮುಂದೆ ಕಾರು ನಿಲ್ಲಿಸಿ, ಒಂದು ಸಲ ಗೇಟು, ಒಂದು ಸಲ ಕಾರು ನೋಡುತ್ತಾ ನಿಂತಿದ್ದ. ಸ್ಪ್ರಿಂಗ್ ಬದಲಾಯಿಸಿ ಕಾರನ್ನು ಎರಡು ಇಂಚು ಕೆಳಗಿಳಿಸಿದ್ದಾನಂತೆ. ನೋಡೋಕೆ ಚೆನ್ನಾಗಿಯೇ ಇದೆ, ಬೇಟೆಗೆ ಹೊಂಚು ಹಾಕಿದ ಬೆಕ್ಕಿನ ಹಾಗೆ. ಆದರೆ ಬೆಕ್ಕಿಗೆ ನಮ್ಮ ಗೇಟು ದಾಟೋಕೆ ಆಗಬೇಕಲ್ಲ?

"ಮಾವ, ಸ್ವಲ್ಪ ಬಗ್ಗಿ ನೋಡ್ತೀರಾ, ಎಲ್ಲಿ ತಗಲುತ್ತೆ ಅಂತ" ಅಂದ. ಬಗ್ಗಿದೆ. ಮುಂದಿನ ಚಕ್ರ ಗೇಟಿನ ಹೊಸಿಲು ದಾಟಿ ಒಳಗಿಳಿಯುತ್ತಿದ್ದ ಹಾಗೇ "ಕರ್‍ರ್..." ಅಂತ ಸದ್ದು. ಒಳಗಿನಿಂದ ಅಮ್ಮ "ಏನೋ ಅದು, ತೆಂಗಿನಕಾಯಿ ತುರೀತಿದ್ದೀರಾ?" ಅಂದರು :)

ಹಾಗೆ ಬಗ್ಗಿ ಕೂತಾಗ ಕಂಡದ್ದು ಕಾರಿನ ಹೊಟ್ಟೆ ಮಾತ್ರ ಅಲ್ಲ. ನಮ್ಮ ಗೇಟಿಗೂ ರಸ್ತೆಗೂ ನಡುವೆ ಇರುವ ನಾಲ್ಕು ಅಡಿ ಜಾಗದ ಐವತ್ತು ವರ್ಷಕ್ಕೂ ಮೀರಿದ ಕಥೆ ಅಲ್ಲಿತ್ತು. ಅದನ್ನೇ ಇವತ್ತು ಬರೆಯೋಣ ಅನ್ನಿಸಿತು.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಹಳೇ ಅಗ್ರಹಾರದ ಮನೆಗಳಿಗೆ ಈ ನಾಲ್ಕು ಅಡಿಯ ತಂಟೆಯೇ ಇರಲಿಲ್ಲ. ಬೀದಿ, ಬೀದಿಗೆ ಅಂಟಿದ ಜಗಲಿ, ಜಗಲಿ ಹತ್ತಿದರೆ ಬಾಗಿಲು. ಕಾಂಪೌಂಡೂ ಇಲ್ಲ, ಗೇಟೂ ಇಲ್ಲ. 1898ರ ಸುಮಾರಿಗೆ ಪ್ಲೇಗು ಬಂದು ಬೆಂಗಳೂರು, ಮೈಸೂರು ಎರಡೂ ತತ್ತರಿಸಿದವು. ಕಿಷ್ಕಿಂಧೆಯಂಥ ಕೇರಿಗಳಲ್ಲಿ ಗಾಳಿ ಬೆಳಕಿಲ್ಲ, ಮೋರಿ ಸರಿಯಿಲ್ಲ ಅನ್ನೋದು ಆಗ ಎಲ್ಲರಿಗೂ ಅರಿವಾಯಿತು. ಬೆಂಗಳೂರಿನಲ್ಲಿ ಮಲ್ಲೇಶ್ವರ, ಬಸವನಗುಡಿ ಎದ್ದವು. ಮೈಸೂರಿನಲ್ಲಿ 1903ರಲ್ಲಿ ನಗರ ಸುಧಾರಣಾ ಮಂಡಳಿ ಹುಟ್ಟಿತು. ದೇಶದಲ್ಲೇ ಮೊದಮೊದಲ ಅಂಥ ಮಂಡಳಿಗಳಲ್ಲಿ ಅದೂ ಒಂದು. ಅಗಲವಾದ ನೇರ ರಸ್ತೆ, ರಸ್ತೆ ಪಕ್ಕ ಮೋರಿ, ಮೋರಿಯಾಚೆ ಕಾಂಪೌಂಡು, ಒಳಗೆ ನಾಲ್ಕು ಗಿಡ, ಆಮೇಲೆ ಮನೆ. ಬಡಾವಣೆ ಅಂದರೆ ಹೀಗಿರಬೇಕು ಅನ್ನೋ ಚಿತ್ರ ನಮ್ಮೂರಿನಲ್ಲಿ ಗಟ್ಟಿಯಾದದ್ದು ಆಗ. ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ ಕಂಡ ಮೇಲೆ ಬಂದ ನಮ್ಮ ಸರಸ್ವತಿಪುರಂಗೂ ಅದೇ ಅಚ್ಚು.

ಅಂದರೆ ಮೋರಿ ಬಂದದ್ದು ಆರೋಗ್ಯಕ್ಕೆ. ಮೋರಿ ಬಂದ ಮೇಲೆ ಅದನ್ನು ದಾಟೋಕೆ ಚಪ್ಪಡಿ ಕಲ್ಲು ಬಂತು. ಮೋರಿ ಮೇಲಿನ ಆ ಚಪ್ಪಡಿಯೇ ನಮ್ಮ ಫುಟ್‌ಪಾತು.

ನಮ್ಮ ತಾತ ಮನೆ ಕಟ್ಟಿಸಿದ್ದು 1960ರ ದಶಕದಲ್ಲಿ. 1960ರಲ್ಲಿ ಮಾನಸಗಂಗೋತ್ರಿ ಶುರುವಾದ ಮೇಲೆ ಮೇಷ್ಟ್ರುಗಳು ಈ ಕಡೆ ಮನೆ ಮಾಡುತ್ತಿದ್ದ ಕಾಲ. ಆಗ ನಮ್ಮ ಗೇಟು ನಾಲ್ಕೇ ಅಡಿ ಅಗಲ. ಸೈಕಲ್ಲಿಗೆ ಅಷ್ಟು ಸಾಕಿತ್ತು. ಅಂಗಳ ರಸ್ತೆಗಿಂತ ಒಂದು ಅಡಿ ಎತ್ತರದಲ್ಲಿತ್ತು ಅಂತ ಅಪ್ಪ ಹೇಳುತ್ತಿದ್ದರು. ಮುಂದೆ ಅಪ್ಪ ಜಾವಾ ತಗೊಂಡರು. ಯಾದವಗಿರಿಯಲ್ಲೇ ಕಾರ್ಖಾನೆ ಇದ್ದಾಗ ಮೈಸೂರಿನವರು ಇನ್ನೇನು ತಗೋತಾರೆ? (ಆ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು, ಅದು ಬೇರೆಯೇ ಕಥೆ.) ಜಾವಾ ಹತ್ತಿಸೋಕೆ ಚಪ್ಪಡಿ ಪಕ್ಕ ಒಂದು ಹಲಗೆ ಒರಗಿಸಿದರೆ ಮುಗೀತು. ಒಳಗೆ ಹೋದ ಮೇಲೆ ಹಲಗೆ ತೆಗೆದು ಗೋಡೆಗೆ ನಿಲ್ಲಿಸೋದು. ಫುಟ್‌ಪಾತು ಮತ್ತೆ ನಡೆಯುವವರದ್ದು. ಈ ಹಲಗೆಯನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬರುತ್ತೆ.

ಕಾರಿದ್ದವರು ನಮ್ಮ ರಸ್ತೆಯಲ್ಲಿ ಇಬ್ಬರೋ ಮೂವರೋ. ಅಂಬಾಸಿಡರ್‌ಗೆ 15 ಇಂಚಿನ ಚಕ್ರ, ಫಿಯೆಟ್‌ಗೆ 14. ಆನೆ ಹೊಸಿಲು ದಾಟಿದ ಹಾಗೆ ದಾಟುತ್ತಿದ್ದವು. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು. ಅದರ ಚಕ್ರ 12 ಇಂಚು. ಮೇಷ್ಟ್ರುಗಳೂ ಕಾರು ಕೊಳ್ಳಬಹುದು ಅನ್ನೋ ಕಾಲ ಶುರುವಾಯಿತು. ಒಂದೊಂದೇ ಮನೆಯ ಗೇಟು ನಾಲ್ಕು ಅಡಿಯಿಂದ ಎಂಟು, ಹತ್ತು ಅಡಿಯಾಯಿತು. ಮಲ್ಲಿಗೆ ಬಳ್ಳಿ ಇದ್ದ ಜಾಗದಲ್ಲಿ ಕಾರು ನಿಂತಿತು.

ಅದೇ ಹೊತ್ತಿಗೆ ಇನ್ನೊಂದು ಕೆಲಸ ಸದ್ದಿಲ್ಲದೆ ನಡೀತಿತ್ತು. ರಸ್ತೆ ಬೆಳೀತಿತ್ತು, ಅಗಲಕ್ಕಲ್ಲ, ಎತ್ತರಕ್ಕೆ! ಒಂದು ಸಲ ಡಾಂಬರು ಹಾಕಿದರೆ ತೆಳ್ಳಗಿನ ಪದರವೇ 20 ಮಿಲಿಮೀಟರ್, ಸ್ವಲ್ಪ ದಪ್ಪದ್ದಾದರೆ 40. ಹಳೇ ಪದರ ಕೆರೆದು ತೆಗೆದು ಹೊಸದು ಹಾಕಿದರೆ ಮಟ್ಟ ಹಾಗೇ ಇರುತ್ತೆ. ಕೆರೆಯದೆ ಮೇಲೇ ಬಳಿದರೆ? ದೋಸೆ ಮೇಲೆ ದೋಸೆ. ಅದರ ಜೊತೆಗೆ ಅಲ್ಲಲ್ಲಿ ಅಗೆದು, ಜಲ್ಲಿ ಸುರಿದು, ಮತ್ತೆ ಕಟ್ಟಿದ್ದೂ ಸೇರಿಕೊಂಡಿತು. ಒಂದು ಅಡಿ ಎತ್ತರದಲ್ಲಿದ್ದ ನಮ್ಮ ಅಂಗಳ ಈಗ ರಸ್ತೆಗಿಂತ ಬರೀ ಎರಡು ಇಂಚು ಮೇಲಿದೆ. ಮನೆ ಕುಸಿದಿಲ್ಲ, ರಸ್ತೆ ಎದ್ದಿದೆ. ಮೋರಿಯನ್ನು ಕಾಂಕ್ರೀಟಿನಲ್ಲಿ ಹೊಸದಾಗಿ ಕಟ್ಟಿದಾಗ ಚಪ್ಪಡಿ ಎದ್ದ ರಸ್ತೆಗಿಂತಲೂ ಆರು ಇಂಚು ಮೇಲೆ ಕೂತಿತು. ಮಳೆನೀರು ಒಳಗೆ ನುಗ್ಗಬಾರದು ಅಂತ ನಾವು ಗೇಟಿನ ಹೊಸಿಲನ್ನು ಇನ್ನೂ ಎರಡು ಇಂಚು ಏರಿಸಿದೆವು.

ಅಲ್ಲಿಗೆ ಗುಡ್ಡ ತಯಾರಾಯಿತು ನೋಡಿ. ರಸ್ತೆಯಿಂದ ಎಂಟು ಇಂಚು ಹತ್ತಬೇಕು, ಹೊಸಿಲು ದಾಟಿ ಆರು ಇಂಚು ಇಳಿಯಬೇಕು.

2009ರಲ್ಲಿ ನಾನು ಸೆಕೆಂಡ್ ಹ್ಯಾಂಡ್ ಮಾರುತಿ 800 ತಗೊಂಡಾಗ ಎಲ್ಲರೂ ಮಾಡಿದ್ದನ್ನೇ ಮಾಡಿದೆ. ಗಾರೆಯವರನ್ನು ಕರೆಸಿ, ಹೊಸಿಲಿನಿಂದ ರಸ್ತೆಯವರೆಗೆ, ಚಪ್ಪಡಿಗಳನ್ನೆಲ್ಲ ಮುಚ್ಚಿ, ನಾಲ್ಕು ಅಡಿ ಉದ್ದದ ಕಾಂಕ್ರೀಟ್ ಇಳಿಜಾರು ಹಾಕಿಸಿದೆ. ಒಳಗೂ ಅಷ್ಟೇ ಉದ್ದದ ಇನ್ನೊಂದು. ಯಾರನ್ನೂ ಕೇಳಲಿಲ್ಲ. ಕೇಳಬೇಕು ಅನ್ನೋದೇ ಹೊಳೆಯಲಿಲ್ಲ. ಇಂಗ್ಲೆಂಡಿನಲ್ಲಿ ಕಾರು ಒಳಗೆ ಹೋಗೋಕೆ ಫುಟ್‌ಪಾತಿನ ಅಂಚು ತಗ್ಗಿಸಬೇಕಾದರೆ 1980ರ ಹೆದ್ದಾರಿ ಕಾಯ್ದೆಯ ಪ್ರಕಾರ ಸ್ಥಳೀಯ ಸಂಸ್ಥೆಯ ಒಪ್ಪಿಗೆ ಬೇಕಂತೆ. ನಮ್ಮಲ್ಲೂ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪಾದಚಾರಿಗಳಿಗಾಗಿ ಹೊರತಂದ ಮಾರ್ಗಸೂಚಿ ಇದೆ. ಫುಟ್‌ಪಾತು ರಸ್ತೆಯಿಂದ 150 ಮಿಲಿಮೀಟರ್‌ಗಿಂತ ಎತ್ತರ ಇರಬಾರದು, ಮನೆಗಳ ಗೇಟಿನ ಮುಂದೆಯೂ ಅದು ತುಂಡಾಗದೆ ಸಾಗಬೇಕು ಅನ್ನುತ್ತೆ ಅದು. ನಮ್ಮ ರಸ್ತೆಯಲ್ಲಿ ಮನೆಗೊಂದು ಇಳಿಜಾರು, ಒಂದೊಂದೂ ಒಂದೊಂದು ಎತ್ತರ. ನಡೆಯುವವರು ಹತ್ತಿ ಇಳಿದು ಹತ್ತಿ ಇಳಿದು ಸಾಕಾಗಿ ರಸ್ತೆಗೇ ಇಳಿದುಬಿಟ್ಟರು. ಮೋರಿ ಶುಚಿ ಮಾಡೋಕೆ ಬಂದವರು ಚಪ್ಪಡಿ ಎತ್ತೋಕಾಗದೆ ವಾಪಸ್ ಹೋದದ್ದೂ ಉಂಟು.

2013ರ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಅಪ್ಪ ಎಂದಿನಂತೆ ಕುಕ್ಕರಹಳ್ಳಿ ಕೆರೆ ಕಡೆ ವಾಕಿಂಗ್ ಹೊರಟರು. ಗೇಟು ದಾಟಿ ಎರಡು ಹೆಜ್ಜೆ. ಪಾಚಿ ಕಟ್ಟಿದ್ದ ಇಳಿಜಾರಿನಲ್ಲಿ ಕಾಲು ಜಾರಿತು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು, ವಾಕರ್ ಬಂತು. ಕೆರೆ ಏರಿಯ ಮೇಲೆ ಅವರು ಮತ್ತೆ ನಡೆಯಲಿಲ್ಲ. ಬೇರೆ ಯಾರದೋ ಮನೆ ಮುಂದೆ ಬಿದ್ದಿದ್ದರೆ ನಾನು ಅವರಿಗೆ ಬಾಯಿಗೆ ಬಂದಂತೆ ಬೈದು ಬರುತ್ತಿದ್ದೆ. ಆದರೆ ಆ ಇಳಿಜಾರು ಹಾಕಿಸಿದವನು ನಾನೇ. ಅಪ್ಪ ಒಂದು ದಿನವೂ ಆ ಮಾತು ಎತ್ತಲಿಲ್ಲ. ಅದೇ ಇನ್ನೂ ಕಷ್ಟ. ಆಗಲೂ ನಾನು ಮಾಡಿದ್ದು ಇಷ್ಟೇ, ಬ್ಲೀಚಿಂಗ್ ಪೌಡರ್ ಹಾಕಿ ಪಾಚಿ ಉಜ್ಜಿದ್ದು. ಅಪ್ಪ ಈಗಿಲ್ಲ. ಇಳಿಜಾರು ಮೊನ್ನೆಯವರೆಗೂ ಇತ್ತು.

ಈಗ ಮತ್ತೆ ನಮ್ಮ ಹುಡುಗನ ಕಾರಿಗೆ ಬರೋಣ. ಇಬ್ಬರೂ ಕಾಗದ ಪೆನ್ನು ಹಿಡಿದು ಕೂತೆವು. ನಾಲ್ಕು ಅಡಿಗೆ ಎಂಟು ಇಂಚು ಏರು ಅಂದರೆ ಸುಮಾರು 9 ಡಿಗ್ರಿ. ಒಳಗೆ ನಾಲ್ಕು ಅಡಿಗೆ ಆರು ಇಂಚು ಇಳಿತ, 7 ಡಿಗ್ರಿ. ಸೇರಿದರೆ ಹೊಸಿಲಿನ ಹತ್ತಿರ 16 ಡಿಗ್ರಿಯ ಗೂನು. ಮಾರುತಿ 800ರ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ 2175 ಮಿಲಿಮೀಟರ್. ಹೊಟ್ಟೆ ನೆಲದಿಂದ ಆರೂವರೆ ಇಂಚು ಮೇಲಿದೆ ಅಂತ ಇಟ್ಟುಕೊಂಡರೆ ಅದು 17 ಡಿಗ್ರಿ ಗೂನು ದಾಟುತ್ತೆ. ಅದಕ್ಕೇ ನನ್ನ ಕಾರು ಕೂದಲೆಳೆಯಲ್ಲಿ ಪಾರಾಗುತ್ತಿದ್ದದ್ದು! ಚಕ್ರಗಳ ನಡುವೆ 2600 ಇರುವ ಉದ್ದನೆಯ ಕಾರಾದರೆ ಅದೇ ಆರೂವರೆ ಇಂಚಿಗೂ 14 ಡಿಗ್ರಿ ಚಿಲ್ಲರೆ ಮಾತ್ರ. ಇವನ ಕಾರು ಅಷ್ಟೇ ಉದ್ದ, ಮೇಲಾಗಿ ಎರಡು ಇಂಚು ಕೆಳಗೆ. ಹತ್ತೇ ಡಿಗ್ರಿ. ನಾವು ಬೈದುಕೊಳ್ಳುವ ರಸ್ತೆ ಉಬ್ಬಿಗೂ ಲೆಕ್ಕ ಇದೆ ಗೊತ್ತಾ? 10 ಸೆಂಟಿಮೀಟರ್ ಎತ್ತರಕ್ಕೆ 3.7 ಮೀಟರ್ ಅಗಲ ಇರಬೇಕು ಅನ್ನುತ್ತೆ ಮಾನದಂಡ. ಅದರ ಪಕ್ಕ ನಮ್ಮ ಗೇಟು ಚಾಮುಂಡಿಬೆಟ್ಟ.

(1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, 2019ರ ಸುಪ್ರೀಂ ಕೋರ್ಟ್ ತೀರ್ಪು ಎಲ್ಲ ಹೇಳಿ, ಗಾಡಿಯನ್ನು ಮನಸ್ಸಿಗೆ ಬಂದ ಹಾಗೆ ಮಾರ್ಪಡಿಸುವ ಹಾಗಿಲ್ಲ ಕಣೋ ಅಂದೆ. "ಮಾವ, ಮೊದಲು ಕಾರು ಒಳಗೆ ಹೋಗ್ಲಿ" ಅಂದ.)

"ಹೊರಗಿನ ಇಳಿಜಾರನ್ನ ಇನ್ನೆರಡು ಅಡಿ ರಸ್ತೆಗೆ ಎಳೆದುಬಿಡಿ, ಸರಿಹೋಗುತ್ತೆ" ಅಂತ ಅವನ ಸಲಹೆ. ನಾನೂ ತಲೆಯಾಡಿಸಿದೆನೇನೋ. ರಂಗೋಲಿ ಡಬ್ಬಿ ಹಿಡಿದು ನಿಂತಿದ್ದ ಅಮ್ಮ ಮೆಲ್ಲಗೆ ಅಂದರು, "ನಿಮ್ಮಪ್ಪ ಬಿದ್ದಿದ್ದು ಸಾಲದೇನೋ?"

ಮೂವರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹುಡುಗನೇ ಹಿತ್ತಲಿನಿಂದ ಇಟ್ಟಿಗೆ ತಂದ. ಅಟ್ಟದ ಮೇಲಿದ್ದ, ಅಪ್ಪನ ಜಾವಾ ಕಾಲದ ಹಲಗೆ, ಜೊತೆಗೆ ಇನ್ನೊಂದೆರಡು. ಅವನ್ನು ಹೊರಗಲ್ಲ, ಗೇಟಿನ ಒಳಗೆ ಜೋಡಿಸಿದೆವು, ಹೊಸಿಲಿನ ಮಟ್ಟಕ್ಕೆ. ಈಗ ಒಳಗಿನ ಇಳಿತವೇ ಇಲ್ಲ, ಉಳಿದದ್ದು ಹೊರಗಿನ 9 ಡಿಗ್ರಿ. ಕಾರಿನಲ್ಲಿದ್ದವರನ್ನೆಲ್ಲ ಇಳಿಸಿ, ಬ್ಯಾಗು ತೆಗೆದು, ಮೊದಲ ಗೇರಿನಲ್ಲಿ ಇಂಚಿಂಚಾಗಿ ಬಿಟ್ಟ. ಸದ್ದಿಲ್ಲದೆ ಒಳಗೆ ಬಂತು!

ಇಷ್ಟು ವರ್ಷ ಸಮಸ್ಯೆ ಹೊರಗಿದೆ ಅಂದುಕೊಂಡಿದ್ದೆ. ಅದರಲ್ಲಿ ಅರ್ಧ ನಮ್ಮ ಅಂಗಳದಲ್ಲೇ ಇತ್ತು. ನಮ್ಮ ಜಾಗ ಹಾಗೇ ಇರಲಿ ಅಂತ ಇಳಿಜಾರನ್ನು ಬೀದಿಗೆ ತಳ್ಳಿದ್ದೆ, ಅಷ್ಟೇ.

ಹಬ್ಬ ಮುಗಿದ ಮೇಲೆ ಕೆಲಸದವರನ್ನು ಕರೆಸಿದೆ. ಹೊರಗಿನ ಕಾಂಕ್ರೀಟ್ ಒಡೆಸಿದಾಗ ಚಪ್ಪಡಿಗಳು ಮತ್ತೆ ಕಂಡವು. ಹೊಸಿಲನ್ನು ಎರಡು ಇಂಚು ತಗ್ಗಿಸಿ, ಅಂಗಳವನ್ನು ನಾಲ್ಕು ಇಂಚು ಏರಿಸಿ, ಚಪ್ಪಡಿಯ ಮಟ್ಟಕ್ಕೆ ಸೇರಿಸಿದ್ದೇವೆ. ಮನೆಯ ಕೆಳಗಿನ ಮೆಟ್ಟಿಲು ಗಿಡ್ಡವಾಯಿತು, ಆಗಲಿ. ಉಳಿದ ಆರು ಇಂಚಿಗೆ ಜಾವಾದ ಉಪಾಯವೇ. ಎರಡು ದಪ್ಪ ಹಲಗೆ, ಕಾರು ಬಂದಾಗ ಹಾಕೋದು, ಹೋದಾಗ ತೆಗೆಯೋದು. ದಿನಕ್ಕೆರಡು ಸಲ ಬಗ್ಗಬೇಕು, ವ್ಯಾಯಾಮ ಅಂದುಕೊಳ್ತೀನಿ.

ನಮ್ಮ ಎರಡೂ ಪಕ್ಕದ ಮನೆಗಳ ಮುಂದೆ ಇಳಿಜಾರು ಹಾಗೇ ಇದೆ. ಹಾಗಾಗಿ ನಮ್ಮದು ಬರೀ ಮೂವತ್ತು ಚಿಲ್ಲರೆ ಅಡಿಯ ಫುಟ್‌ಪಾತು. ಆದರೂ ನಿನ್ನೆ ಬೆಳಿಗ್ಗೆ ಊರುಗೋಲು ಹಿಡಿದ ಹಿರಿಯರೊಬ್ಬರು ರಸ್ತೆಯಿಂದ ಮೇಲೆ ಹತ್ತಿ, ನಮ್ಮ ಗೇಟಿನ ಮುಂದೆ ಅಮ್ಮನ ರಂಗೋಲಿ ತುಳಿಯದ ಹಾಗೆ ಪಕ್ಕದಲ್ಲಿ ನಡೆದು, ಮುಂದಿನ ಮನೆ ಹತ್ತಿರ ಮತ್ತೆ ರಸ್ತೆಗೆ ಇಳಿದು ಹೋದರು.

ನಿಮ್ಮ ಮನೆ ಮುಂದಿನ ನಾಲ್ಕು ಅಡಿ ಹೇಗಿದೆ? ಒಂದು ಸಲ ಗೇಟಿನಾಚೆ ನಿಂತು ನೋಡಿ.