ರಾಜರ ಶವಯಾತ್ರೆ (ಅಚ್ಚುಚಿತ್ರಗಳಲ್ಲಿ)

ಅರಸರ ಶವಯಾತ್ರೆಯನ್ನು ಅಚ್ಚುಚಿತ್ರಗಳಲ್ಲಿ ದಾಖಲಿಸುವ ಪದ್ಧತಿ 16ನೆಯ ಶತಮಾನದ ಯುರೋಪಿನಲ್ಲಿ ಬೆಳೆಯಿತು. ತಾಮ್ರದ ತಗಡಿನಲ್ಲಿ ಉಳಿಯಿಂದಲೋ ಆಮ್ಲದಿಂದಲೋ ಗೆರೆ ಕೊರೆದು, ಅದರಲ್ಲಿ ಮಸಿ ತುಂಬಿ, ತೇವಗೊಳಿಸಿದ ಕಾಗದವನ್ನು ಒತ್ತಿ ತೆಗೆದ ಪ್ರತಿಗೆ ಅಚ್ಚುಚಿತ್ರವೆಂದು ಹೆಸರು. ಚಕ್ರವರ್ತಿ ಐದನೆಯ ಚಾರ್ಲ್ಸ್‌ನ ಸ್ಮರಣಾರ್ಥ 1558ರಲ್ಲಿ ಬ್ರಸೆಲ್ಸ್‌ನಲ್ಲಿ ನಡೆದ ಮೆರವಣಿಗೆಯ ಚಿತ್ರಮಾಲೆಯನ್ನು ಕ್ರಿಸ್ಟೋಫ್ ಪ್ಲಾಂಟಿನ್ 1559ರಲ್ಲಿ ಆಂಟ್ವರ್ಪ್‌ನಿಂದ ಪ್ರಕಟಿಸಿದನು. 1584ರಲ್ಲಿ ಡೆಲ್ಫ್ಟ್‌ನಲ್ಲಿ ನಡೆದ ಆರೆಂಜಿನ ವಿಲಿಯಂನ ಶವಯಾತ್ರೆಯನ್ನು ಹೆಂಡ್ರಿಕ್ ಗೋಲ್ಟ್ಸಿಯಸ್ 12 ಫಲಕಗಳಲ್ಲಿ ಕೊರೆದನು. ಬಾವುಟ ಹಿಡಿದವರು, ಅಲಂಕರಿಸಿದ ಕುದುರೆಗಳು, ರಾಜಲಾಂಛನಗಳನ್ನು ಹೊತ್ತ ಸರದಾರರು ಮತ್ತು ಕಪ್ಪು ನಿಲುವಂಗಿಯ ಬಂಧುಗಳು ಪದವಿಯ ಕ್ರಮದಲ್ಲಿ ಸಾಗುವ ಇಂಥ ಚಿತ್ರಗಳು, ಅರಸನು ಅಳಿದರೂ ಅರಸೊತ್ತಿಗೆ ಉಳಿಯುತ್ತದೆಂಬುದನ್ನು ದೂರದ ಜನರಿಗೂ ಮನಗಾಣಿಸುತ್ತಿದ್ದವು.

ಕರ್ನಾಟಕದ ಅರಸರ ಪೈಕಿ ಮರಣಾನಂತರ ಯುರೋಪಿನ ಅಚ್ಚುಚಿತ್ರಗಳಲ್ಲಿ ಬಹುವಾಗಿ ಕಾಣಿಸಿಕೊಂಡವನು ಟಿಪ್ಪು ಸುಲ್ತಾನ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯಲ್ಲಿ ಹೋರಾಡುತ್ತ ಮಡಿದ ಅವನನ್ನು ಮರುದಿನ ಸಂಜೆ ಗಂಜಾಮಿನ ಗುಂಬಜ್‌ನಲ್ಲಿ, ತಂದೆ ಹೈದರ್ ಅಲಿ ಮತ್ತು ತಾಯಿಯ ಸಮಾಧಿಗಳ ಪಕ್ಕದಲ್ಲಿ ಮಣ್ಣು ಮಾಡಲಾಯಿತು. ಅಲೆಗ್ಸಾಂಡರ್ ಬೀಟ್ಸನ್ 1800ರಲ್ಲಿ ಪ್ರಕಟಿಸಿದ ಯುದ್ಧವೃತ್ತಾಂತದಲ್ಲಿ ಈ ಯಾತ್ರೆಯ ವಿವರವಿದೆ: ಟಿಪ್ಪುವಿನ ಆಪ್ತ ಸೇವಕರು ಚಟ್ಟವನ್ನು ಹೊತ್ತಿದ್ದರು, ಗೆದ್ದ ಸೈನ್ಯದ ನಾಲ್ಕು ಐರೋಪ್ಯ ತುಕಡಿಗಳು ಬೆಂಗಾವಲಾಗಿ ನಡೆದವು, ಮಗ ಅಬ್ದುಲ್ ಖಾಲಿಕ್ ಶವದ ಹಿಂದೆ ಸಾಗಿದನು, ಬಡವರಿಗೆ ಹಣ ಹಂಚಲಾಯಿತು, ಅದೇ ಸಂಜೆ ಗುಡುಗು ಸಿಡಿಲಿನ ಭಾರಿ ಮಳೆಯೂ ಸುರಿಯಿತು.

ಆದರೆ ಲಂಡನ್ನಿನ ಮಾರುಕಟ್ಟೆಯಲ್ಲಿ ಪ್ರಸಿದ್ಧವಾದ ಚಿತ್ರಗಳು ಆಯ್ದುಕೊಂಡದ್ದು ಬೇರೆ ಘಳಿಗೆಗಳನ್ನು. ರಾಬರ್ಟ್ ಕೆರ್ ಪೋರ್ಟರ್ 1800ರಲ್ಲಿ ಪ್ರದರ್ಶಿಸಿದ, ಸುಮಾರು 120 ಅಡಿ ಉದ್ದದ ವರ್ಣಚಿತ್ರವು ಕೋಟೆಯ ಮೇಲಿನ ಲಗ್ಗೆಯನ್ನು ತೋರಿಸಿತು. ಜಿಯೊವಾನ್ನಿ ವೆಂಡ್ರಮಿನಿ ಅದನ್ನು ತಾಮ್ರಕ್ಕಿಳಿಸಿದ್ದರಿಂದ ಅದು ಮನೆಮನೆಯ ಗೋಡೆಗೂ ತಲುಪುವಂತಾಯಿತು. ಹೆನ್ರಿ ಸಿಂಗಲ್ಟನ್ ಟಿಪ್ಪುವಿನ ಕೊನೆಯ ಹೋರಾಟವನ್ನೂ ಪತನವನ್ನೂ ಚಿತ್ರಿಸಿದನು. ಡೇವಿಡ್ ವಿಲ್ಕಿ 1839ರಷ್ಟು ತಡವಾಗಿ, ದೀವಟಿಗೆಯ ಬೆಳಕಿನಲ್ಲಿ ಶವವನ್ನು ಪತ್ತೆಹಚ್ಚಿದ ಸಂದರ್ಭವನ್ನು ಆರಿಸಿಕೊಂಡನು.

ಈ ಆಯ್ಕೆಗೆ ರಾಜಕೀಯ ಕಾರಣವಿತ್ತು. ಯುರೋಪಿನ ಚಿತ್ರಮಾಲೆಗಳನ್ನು ಮಾಡಿಸಿದವರು ಸತ್ತವನ ವಾರಸುದಾರರು ಮತ್ತು ಅಭಿಮಾನಿಗಳಾದರೆ, ಶ್ರೀರಂಗಪಟ್ಟಣದ ಚಿತ್ರಗಳನ್ನು ಮಾಡಿಸಿ ಕೊಂಡವರು ಗೆದ್ದವರ ಕಡೆಯವರು. ಟಿಪ್ಪುವಿನ ಮಕ್ಕಳನ್ನು ವೆಲ್ಲೂರಿಗೆ ಸಾಗಿಸಿ, ಮೈಸೂರಿನ ಸಿಂಹಾಸನವನ್ನು ಒಡೆಯರ ವಂಶಕ್ಕೆ ಒಪ್ಪಿಸಿದ ಮೇಲೆ, ಉತ್ತರಾಧಿಕಾರವನ್ನು ಸಾರುವ ಮೆರವಣಿಗೆಯ ಚಿತ್ರದಿಂದ ಅವರಿಗೆ ಆಗಬೇಕಾದದ್ದೇನೂ ಇರಲಿಲ್ಲ. ಆದ್ದರಿಂದ ಈ ಅಚ್ಚುಚಿತ್ರಗಳನ್ನು ವಿಜಯದ ದಾಖಲೆಗಳೆಂದು ಓದುವುದೂ, ಟಿಪ್ಪುವಿಗೆ ಸಂದ ಅಂತಿಮ ಗೌರವವನ್ನು ಬರಹದ ಆಧಾರಗಳಿಂದ ತಿಳಿಯುವುದೂ ಚರಿತ್ರೆಯ ಅಧ್ಯಯನಕ್ಕೆ ಅಗತ್ಯ.